ಹತ್ತು ಮಾರಾಯ

ಇವತ್ತು ಬೆಳಗ್ಗೆ ನಾನು ನಡೆದದ್ದು ನಾಲ್ಕು ನಿಮಿಷ. ನಿನ್ನೆಯೂ ನಾಲ್ಕು. ಮೊನ್ನೆ ಮಾತ್ರ ಒಂಬತ್ತು, ಏಕೆಂದರೆ ಮೊನ್ನೆ ಹಾಲಿನ ಅಣ್ಣನ ಸ್ಕೂಟರ್ ಸ್ಟಾರ್ಟ್ ಆಗಲು ತಡವಾಯಿತು.

ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಒಳಗೆ ಹೋದರೆ ಸಿಗುವ ನಮ್ಮ ಊರಿನಲ್ಲಿ ಸುಮ್ಮನೆ ನಡೆಯುವುದು ಸುಲಭವಲ್ಲ. ರಸ್ತೆಯಲ್ಲಿ ನಡೆಯುವವನಿಗೆ ಒಂದೋ ಬಸ್ಸು ತಪ್ಪಿರಬೇಕು, ಇಲ್ಲವೇ ದನ ತಪ್ಪಿಸಿಕೊಂಡಿರಬೇಕು. ಎರಡೂ ಅಲ್ಲವೆಂದರೆ ಮನೆಯಲ್ಲಿ ಜಗಳವಾಗಿದೆ ಎಂದರ್ಥ.

ನನಗೆ ತಪ್ಪಿದ್ದು ಸಕ್ಕರೆಯ ಲೆಕ್ಕ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಎಂದು ರಿಪೋರ್ಟ್ ಬಂತು. ‘ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಗೇಟಿನ ಹತ್ತಿರ ನಿಂತಿದೆ’ ಎಂದರು ಡಾಕ್ಟರು. ಕಾಸರಗೋಡಿನ ಕಚೇರಿಯಲ್ಲಿ ದಿನವಿಡೀ ಕುರ್ಚಿ ಕಾಯುವವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬರುವುದಾದರೂ ಎಲ್ಲಿಂದ? ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಿರುವ ಮಗಳು ಆ ರಾತ್ರಿಯೇ ಫೋನಿನಲ್ಲಿ ಪಾಠ ಶುರು ಮಾಡಿದಳು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕು, ಅದರ ಮೇಲೆ ಎರಡು ದಿನವಾದರೂ ಭಾರ ಎತ್ತಬೇಕು. “ಬರೀ ನಡಿಗೆ ಸಾಲದಪ್ಪ. ಉಂಡ ಅನ್ನದ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವುದು ಸ್ನಾಯು. ನಿಮ್ಮಲ್ಲಿ ಅದೇ ಇಲ್ಲವಲ್ಲ.” ಹೆತ್ತವನಿಗೆ ಹೇಳುವ ಮಾತೇ ಇದು?

ನಾಲ್ಕು ನಿಮಿಷವನ್ನು ಏಳರಿಂದ ಗುಣಿಸಿದರೆ ಇಪ್ಪತ್ತೆಂಟು. ವಿಶ್ವ ಆರೋಗ್ಯ ಸಂಸ್ಥೆಯ ಒಂದು ವಾರವನ್ನು ಮುಗಿಸಲು ನನಗೆ ಹತ್ತಿರಹತ್ತಿರ ಐದೂವರೆ ವಾರ ಬೇಕು. ಈ ಲೆಕ್ಕಕ್ಕೆ ಪೂರ್ತಿ ಹೊಣೆ ಹಾಲಿನ ಅಣ್ಣ.

ಆರೂ ಇಪ್ಪತ್ತಕ್ಕೆ ಸರಿಯಾಗಿ ಕಟ್ಟೆಯ ತಿರುವಿನಲ್ಲಿ ಅವರ ಸ್ಕೂಟರ್ ಕಾಣಿಸುತ್ತದೆ. ಮುಂದೆ ಹಾಲಿನ ಕ್ಯಾನು, ತಲೆಯಲ್ಲಿ ಮಂಗನ ಟೊಪ್ಪಿ. ಅವರ ಎಡ ಮೊಣಕಾಲು ಮಡಚುವುದಿಲ್ಲ. ಕ್ಯಾನು ಇರುವ ಜಾಗದಲ್ಲಿ ಆ ಕಾಲಿಗೆ ಎಡೆಯಿಲ್ಲದ್ದರಿಂದ ಅದು ನೀಳವಾಗಿ ಹೊರಗೆ ಚಾಚಿಕೊಂಡು ಎದುರಿನ ವಾಹನಗಳಿಗೆಲ್ಲ ಎಚ್ಚರಿಕೆ ಕೊಡುತ್ತಾ ಬರುತ್ತದೆ. ನನ್ನ ಪಕ್ಕದಲ್ಲಿ ಬ್ರೇಕು. “ಎಂತ ಮಾರಾಯ, ಗಾಡಿ ಹಾಳಾಯಿತಾ? ಹತ್ತು, ಹತ್ತು.”

ಮೊದಲ ದಿನ ‘ಬೇಡ ಅಣ್ಣಾ, ಸುಮ್ಮನೆ ನಡೆಯುತ್ತಿದ್ದೇನೆ’ ಎಂದೆ. ಸುಮ್ಮನೆ ಎಂಬ ಪದವನ್ನು ಅವರು ನಂಬಲಿಲ್ಲ. ಸ್ಕೂಟರಿನ ವೇಗವನ್ನು ನನ್ನ ನಡಿಗೆಗೆ ಇಳಿಸಿ ಪಕ್ಕದಲ್ಲೇ ಬಂದರು. ಅಡಿಕೆಯ ಧಾರಣೆ, ಹೆದ್ದಾರಿ ಅಗಲವಾದ ಮೇಲೆ ಕುಂಬಳೆಯಲ್ಲಿ ರಸ್ತೆ ದಾಟುವ ಕಷ್ಟ, ಗಬ್ಬ ನಿಲ್ಲದ ಅವರ ಕಪ್ಪು ದನ, ಎಲ್ಲವೂ ಆಯಿತು. ಹಿಂದಿನಿಂದ ಶಾಲೆಯ ವ್ಯಾನು ಹಾರ್ನ್ ಹೊಡೆದರೂ ಕದಲಲಿಲ್ಲ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ ಎಂದು ಮಗಳು ಹೇಳಿದ್ದಳು. ಮಾತನಾಡಲು ಅವರು ನನಗೆ ಎಡೆ ಕೊಟ್ಟಿದ್ದರೆ ತಾನೇ ಪರೀಕ್ಷಿಸುವುದು?

ಹೊತ್ತು ಬದಲಾಯಿಸಿದೆ. ಐದೂವರೆಗೆ ಹೊರಟರೆ ನಾಯಿಗಳು ಎದುರಾದವು. ಅವುಗಳಿಂದ ಪಾರು ಮಾಡಲು ಜೀಪಿನವನೊಬ್ಬ ನಿಲ್ಲಿಸಿ ನನ್ನನ್ನು ಹತ್ತಿಸಿಕೊಂಡ. ತೋಟದ ದಾರಿ ಹಿಡಿದರೆ ತೋಟದವರು ಕರೆದು ಚಹಾ ಕೊಟ್ಟರು, ಸಕ್ಕರೆ ಹಾಕಿಯೇ. ಕೊನೆಗೆ ಹಾಲಿನ ಅಣ್ಣನಿಗೆ ಸತ್ಯ ಹೇಳಿಬಿಟ್ಟೆ: “ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ.” ಅದು ನಾನು ಮಾಡಿದ ಮಹಾ ತಪ್ಪು. ಸಂಜೆಯೊಳಗೆ ನನ್ನ ಹೃದಯಕ್ಕೆ ಏನೋ ಆಗಿದೆ ಎಂದು ಊರಿಡೀ ಸುದ್ದಿಯಾಯಿತು. ಮರುದಿನ ಬೆಳಗ್ಗೆ ಅಣ್ಣನಿಗೆ ಕೋಪವೇ ಬಂದಿತ್ತು. “ಹಾರ್ಟಿನ ತೊಂದರೆ ಇಟ್ಟುಕೊಂಡು ನಡೆಯುವುದಾ? ಬುದ್ಧಿ ಬೇಡವಾ? ಹತ್ತು!”

ಹತ್ತಿದೆ. ಅಂದಿನಿಂದ ಹತ್ತುತ್ತಲೇ ಇದ್ದೇನೆ.

ನಡಿಗೆ ಹೀಗಾದರೆ ಭಾರದ ಕಥೆ ಬೇರೆ. ವಾರಕ್ಕೆರಡು ಸಂಜೆ ಬದಿಯಡ್ಕ ಪೇಟೆಯ ಒಂದು ಜಿಮ್ಮಿಗೆ ಹೋಗುತ್ತೇನೆ. ಮೊದಲು ಟ್ರೆಡ್‌ಮಿಲ್ಲೋ ಮೊದಲು ಭಾರವೋ ಎಂಬ ವ್ಯಾಜ್ಯ ಅಲ್ಲಿ ದಿನವೂ ನಡೆಯುತ್ತದೆ. ಕಾಲು ಸೋತ ಮೇಲೆ ಭಾರ ಎತ್ತಿದರೆ ಎತ್ತುವ ಕ್ರಮ ಕೆಡುತ್ತದೆ, ಆದ್ದರಿಂದ ಭಾರ ಮೊದಲು ಎನ್ನುತ್ತಾನೆ ಅಲ್ಲಿನ ಮಲಯಾಳಿ ಹುಡುಗ. ಮಗಳು ಇನ್ನೂ ಹಳೆಯದನ್ನು ಹೆಕ್ಕಿದಳು. 1980ರಲ್ಲಿ ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ವಿಜ್ಞಾನಿ ಒಂದು ಗುಂಪಿಗೆ ಓಟ, ಸೈಕಲ್, ಭಾರ ಎಲ್ಲವನ್ನೂ ಹತ್ತು ವಾರ ಮಾಡಿಸಿದನಂತೆ. ಮೊದಮೊದಲು ಏರಿದ ಅವರ ಬಲ ಕೊನೆಯ ವಾರಗಳಲ್ಲಿ ಇಳಿಯಿತು. ಬರೀ ಭಾರ ಎತ್ತಿದವರ ಬಲ ಏರುತ್ತಲೇ ಹೋಯಿತು. ನನ್ನ ನಾಲ್ಕು ನಿಮಿಷದ ನಡಿಗೆ ನನ್ನ ಐದು ಕಿಲೋದ ಬಲವನ್ನು ತಿಂದುಹಾಕೀತೇ ಎಂದು ಒಂದು ರಾತ್ರಿ ನಿದ್ದೆಗೆಟ್ಟೆ. ಅವರು ವಾರಕ್ಕೆ ಆರು ದಿನ ಓಡಿಯೋ ಸೈಕಲ್ ತುಳಿದೋ, ಐದು ದಿನ ಭಾರ ಎತ್ತಿದವರು, ನಿಮಗೆ ಆ ಭಯ ಬೇಡ ಎಂದು ಮಗಳು ಬೆಳಗ್ಗೆ ಹೇಳಿದಳು. ಅವಳ ದನಿಯಲ್ಲಿ ನಗು ಇತ್ತು.

ಕಳೆದ ಗುರುವಾರ ಎರಡು ಕೈಯಲ್ಲಿ ಐದೈದು ಕಿಲೋದ ಡಂಬೆಲ್ ಹಿಡಿದು ತೋಳುಗಳನ್ನು ಹೆಗಲಿನ ಮಟ್ಟಕ್ಕೆ ಎತ್ತುತ್ತಿದ್ದೆ. ಹುಡುಗ ಮಲಯಾಳದಲ್ಲಿ ಎಣಿಸುತ್ತಿದ್ದ. ಎಟ್ಟ್, ಒಂಬದ್, ಪತ್ತ್. ಪತ್ತ್ ಎಂದರೆ ಹತ್ತು ಎಂದು ತಿಳಿಯದವನಲ್ಲ ನಾನು. ತುಳುವಿನಲ್ಲೂ ಅದೇ, ಹಳೆಗನ್ನಡದಲ್ಲಿ ನಮ್ಮದೂ ಪತ್ತೇ. ಆದರೆ ತುಳುವಿನಲ್ಲಿ ಪತ್ತ್ ಎಂದರೆ ‘ಹಿಡಿದುಕೋ’ ಎಂದೂ ಅರ್ಥವಿದೆಯಲ್ಲ. ಹೆಗಲು ಉರಿಯುತ್ತಿರುವಾಗ ಯಾವ ಭಾಷೆ ಮೊದಲು ಕಿವಿಗೆ ಬೀಳುತ್ತದೆ ಎಂದು ಹೇಳಲಾಗದು. ನಾನು ಹಿಡಿದುಕೊಂಡೆ. ಎರಡೂ ಕೈ ಚಾಚಿ, ಗದ್ದೆಯ ಬೆದರುಗೊಂಬೆಯ ಹಾಗೆ.

ಹುಡುಗ ನೋಡಿದ. ಮುಗಿಯಿತು ಎಂಬ ಅರ್ಥದಲ್ಲಿ ಮತ್ತೊಮ್ಮೆ ‘ಪತ್ತ್’ ಎಂದ. ಇನ್ನೂ ಬಿಗಿಯಾಗಿ ಹಿಡಿದೆ. ಮೊಣಕೈ ನಡುಗಿತು, ಕನ್ನಡಕ ಮೂಗಿನ ತುದಿಗೆ ಜಾರಿತು. “ಏಟ್ಟಾ (ಅಣ್ಣಾ), ಪತ್ತ್!” ಎಂದು ಅವನು ಗಾಬರಿಯಿಂದ ಕೂಗಿದ. ಇಷ್ಟು ನಿರ್ದಯಿಯೇ ಇವನು ಎಂದುಕೊಂಡು ಹಲ್ಲು ಕಚ್ಚಿದೆ. ಕೊನೆಗೆ ಪಕ್ಕದ ಸೈಕಲ್ಲಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಾ, “ಹತ್ತಾಯಿತಂತೆ ಭಾವ, ಇಳಿಸಿ” ಎಂದರು. ಮೂರು ದಿನ ನನಗೆ ಅಂಗಿ ತೊಡಿಸಿದ್ದು ಹೆಂಡತಿ.

ಆ ಮೂರು ದಿನಗಳಲ್ಲಿ ಕೈ ನೋವಿನ ಜೊತೆಗೆ ಇದೂ ತಲೆಯಲ್ಲಿ ಸುತ್ತಿತು: ಕನ್ನಡದಲ್ಲಿ ಹತ್ತು ಎಂದರೆ ಏರು, ತುಳುವಿನಲ್ಲಿ ಪತ್ತ್ ಎಂದರೆ ಹಿಡಿ. ಮಗಳು ಹೇಳುವ ಎರಡು ವ್ಯಾಯಾಮವೂ ಒಂದೇ ಅಂಕಿಯಲ್ಲಿವೆ. ನನಗೆ ಮಾತ್ರ ಏರಬೇಕಾದಲ್ಲಿ ಸ್ಕೂಟರು ಸಿಗುತ್ತದೆ.

ಅಣ್ಣನನ್ನು ಬೈಯಲೂ ಬಾಯಿ ಬರುವುದಿಲ್ಲ. ನಾನು ಚಿಕ್ಕವನಿದ್ದಾಗ ಇದೇ ರಸ್ತೆ ಮಣ್ಣಿನದು. ಅಪ್ಪ ಬೆಳಗ್ಗಿನ ಬಸ್ಸಿಗೆ ಹೊರಟರೆ ಅಣ್ಣ ತಲೆಯ ಮೇಲೆ ಕ್ಯಾನು ಹೊತ್ತು ಜೊತೆಯಲ್ಲಿ ನಡೆಯುತ್ತಿದ್ದರು. ಅವರ ಹೆಜ್ಜೆಗೆ ಹೆಜ್ಜೆ ಹಾಕಲು ಅಪ್ಪನಿಗೆ ಆಗುತ್ತಿರಲಿಲ್ಲವಂತೆ. ಕ್ಯಾನಿನ ಮುಚ್ಚಳದ ಸದ್ದು ಮುಂದೆ ಮುಂದೆ ಹೋಗುತ್ತಿತ್ತಂತೆ. ಆ ಕಾಲು ಈಗ ಮಡಚುವುದಿಲ್ಲ. ನಡೆಯುವವನನ್ನು ಕಂಡಾಗ ಅವರ ಕೈ ತಾನಾಗಿ ಬ್ರೇಕಿಗೆ ಹೋಗುವುದು ಯಾಕೆಂದು ನಾನು ಕೇಳಿಲ್ಲ.

ಇವತ್ತೂ ನಿಲ್ಲಿಸಿದರು. “ಹತ್ತು ಮಾರಾಯ.” ಕುಳಿತೆ. ಕುಳಿತ ಮೇಲೆ ಮುಂದಿದ್ದ ಹತ್ತು ಲೀಟರಿನ ಕ್ಯಾನನ್ನು ಎತ್ತಿ, ತುಳುವಿನಲ್ಲಿ “ಇಂದಾ, ಪತ್ತ್” ಎಂದು ನನ್ನ ತೊಡೆಯ ಮೇಲಿಟ್ಟರು. ಖಾಲಿಯಾದ ಜಾಗದಲ್ಲಿ ಎಡಗಾಲನ್ನು ಆರಾಮವಾಗಿ ಚಾಚಿಕೊಂಡರು. ಈ ಸಲ ಅರ್ಥದಲ್ಲಿ ಗೊಂದಲವಿರಲಿಲ್ಲ. ಸೊಸೈಟಿಯವರೆಗೂ ಹಿಡಿದುಕೊಂಡೆ, ಹೊಂಡ ಬಂದಾಗಲೆಲ್ಲ ಎತ್ತಿ ಹಿಡಿದೆ.

ಸೊಸೈಟಿಯಲ್ಲಿ ಇಳಿದು, ವಾಪಸ್ಸು ನಡೆದೇ ಹೋಗುತ್ತೇನೆ ಅಣ್ಣಾ ಎಂದೆ.

“ಐದು ನಿಮಿಷ ನಿಲ್ಲು ಮಾರಾಯ. ಹಿಂಡಿ ತೆಗೆದುಕೊಳ್ಳಲಿಕ್ಕಿದೆ.”

ಹಿಂಡಿಯ ಗೋಣಿ ಐವತ್ತು ಕಿಲೋದ್ದು.