ಕೈಬಿಟ್ಟವರ ಪಟ್ಟಿಯನ್ನೂ ಗ್ರಾಮಸಭೆಯಲ್ಲಿ ಓದಬೇಕು

ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ಅಂಟಿಸಿರುವುದನ್ನು ನಾವೆಲ್ಲ ನೋಡಿದ್ದೇವೆ. ಅರ್ಜಿ ಹಾಕಿಯೂ ಆ ಪಟ್ಟಿಗೆ ಸೇರದವರ ಹೆಸರುಗಳನ್ನು, ಅವರನ್ನು ಯಾವ ಕಾರಣಕ್ಕೆ ಕೈಬಿಡಲಾಯಿತು ಎಂಬ ವಿವರದೊಂದಿಗೆ ಅದೇ ಫಲಕದಲ್ಲಿ ಹಾಕಿದ್ದನ್ನು ನಾನಂತೂ ಕಂಡಿಲ್ಲ. ನೆರವಿಗೆ ಯಾರು ಅರ್ಹರು ಎಂದು ನಿರ್ಧರಿಸುವ ನಮ್ಮ ವ್ಯವಸ್ಥೆಯಲ್ಲಿ ನನಗೆ ಕಾಣುವ ಅತಿ ದೊಡ್ಡ ಕೊರತೆ ಇದೇ. ಅನರ್ಹನೊಬ್ಬ ಪಟ್ಟಿಯೊಳಗೆ ನುಸುಳಿದರೆ ಊರೆಲ್ಲ ಮಾತನಾಡುತ್ತದೆ, ಪತ್ರಿಕೆಗಳು ಬರೆಯುತ್ತವೆ, ತನಿಖೆಯೂ ನಡೆಯುತ್ತದೆ. ಅರ್ಹಳೊಬ್ಬಳು ಹೊರಗುಳಿದರೆ ಅದು ಎಲ್ಲಿಯೂ ದಾಖಲಾಗುವುದಿಲ್ಲ, ಅವಳು ಮನೆಗೆ ಹೋಗುತ್ತಾಳೆ, ಅಷ್ಟೆ.

ಮೊದಲು ಆದಾಯದ ಮಿತಿಯನ್ನೇ ತೆಗೆದುಕೊಳ್ಳೋಣ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ವರ್ಷ ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ ಮಾಸಾಶನ ದೊರೆಯುತ್ತದೆ. ಅದಕ್ಕೆ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದೆಂಬ ಷರತ್ತಿದೆ. ತಿಂಗಳಿಗೆ ಲೆಕ್ಕ ಹಾಕಿದರೆ ಇದು 2,700 ರೂಪಾಯಿಯೂ ಆಗುವುದಿಲ್ಲ. ಇದರ ಪಕ್ಕದಲ್ಲಿ ಇನ್ನೊಂದು ಸರ್ಕಾರಿ ಲೆಕ್ಕವನ್ನು ಇಟ್ಟು ನೋಡಿ. 2025-26ರ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ವಯಸ್ಸಾದ ಹೆಣ್ಣುಮಗಳೊಬ್ಬಳು ಕೆರೆಯ ಹೂಳೆತ್ತುವ ಕೆಲಸಕ್ಕೆ ಹೋಗಿ, ಕಾನೂನು ಆಗ ಭರವಸೆ ಕೊಟ್ಟಿದ್ದ ನೂರು ದಿನಗಳನ್ನೂ ದುಡಿದಿದ್ದರೆ ಆಕೆಯ ಕೈಗೆ 37,000 ರೂಪಾಯಿ ಬರಬೇಕಿತ್ತು. ಅಂದರೆ ಒಂದು ಇಲಾಖೆ ಕೊಟ್ಟ ಕೂಲಿಯನ್ನು ಪೂರ್ತಿ ಪಡೆದವಳು ಇನ್ನೊಂದು ಇಲಾಖೆಯ ಕಣ್ಣಿಗೆ ಬಡವಳಾಗಿ ಉಳಿಯುವುದಿಲ್ಲ. ಬಡತನ ರೇಖೆಗಿಂತ ಕೆಳಗಿನವರ (ಬಿಪಿಎಲ್) ಪಡಿತರ ಚೀಟಿಗೆ ಇದೇ ರಾಜ್ಯದಲ್ಲಿ ಕುಟುಂಬದ ಆದಾಯದ ಮಿತಿ 1.20 ಲಕ್ಷ ರೂಪಾಯಿ ಇದೆ ಎಂಬುದನ್ನು ನೆನೆದರೆ, ಒಂದೇ ಮನೆ ಒಂದು ಮೇಜಿನಲ್ಲಿ ಬಡ ಕುಟುಂಬವಾಗಿ ಪಕ್ಕದ ಮೇಜಿನಲ್ಲಿ ಅನುಕೂಲಸ್ಥ ಕುಟುಂಬವಾಗುವುದು ಹೇಗೆಂಬುದು ತಿಳಿಯುತ್ತದೆ.

ಇಷ್ಟು ಕೆಳಗಿನ ಮಿತಿಯಿಂದ ಆಗುವ ಅನಾಹುತ ಅರ್ಜಿದಾರರು ತಪ್ಪಿಹೋಗುವುದಷ್ಟೇ ಅಲ್ಲ. ಯಾರೂ ಪಾಲಿಸಲಾಗದ ಮಿತಿಯನ್ನು ಇಟ್ಟಾಗ ಎಲ್ಲರೂ ಸುಳ್ಳು ಅಂಕಿಯನ್ನೇ ಬರೆಯಬೇಕಾಗುತ್ತದೆ. ಕೂಲಿ ಮಾಡುವವರ ವರ್ಷದ ಆದಾಯ ಇಷ್ಟೇ ಎಂದು ಹೇಳಲು ಗ್ರಾಮ ಆಡಳಿತ ಅಧಿಕಾರಿಗಳ (ಹಿಂದಿನ ಗ್ರಾಮ ಲೆಕ್ಕಿಗರ) ಬಳಿ ಯಾವ ಸಾಧನವೂ ಇಲ್ಲ, ಕೂಲಿಯವರ ಬಳಿಯೂ ಇಲ್ಲ. ನಾಡಕಚೇರಿಯಿಂದ ಬರುವ ಆದಾಯ ಪ್ರಮಾಣಪತ್ರದ ಅಂಕಿ ಬಹಳಷ್ಟು ಸಲ ಯೋಜನೆಯ ಮಿತಿಗಿಂತ ಸ್ವಲ್ಪ ಕೆಳಗೇ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೀಗೆ ಎಲ್ಲರ ಅಂಕಿಯೂ ಸುಳ್ಳಾದ ಮೇಲೆ, ಯಾರ ಸುಳ್ಳನ್ನು ಒಪ್ಪಬೇಕು, ಯಾರದನ್ನು ಒಪ್ಪಬಾರದು ಎಂಬುದು ಬರೆಯುವವರ ಮರ್ಜಿಗೆ ಬಿದ್ದುಬಿಡುತ್ತದೆ. ಹಕ್ಕು ಉಪಕಾರವಾಗಿ ಬದಲಾಗುವುದು ಅಲ್ಲಿಯೇ, ಮಧ್ಯವರ್ತಿ ಹುಟ್ಟಿಕೊಳ್ಳುವುದೂ ಅಲ್ಲಿಯೇ.

ಆದಾಯವನ್ನು ಅಳೆಯಲಾಗದು ಎಂಬುದು ಸರ್ಕಾರಗಳಿಗೆ ತಿಳಿಯದ ವಿಷಯವೇನಲ್ಲ. 2002ರ ಬಿಪಿಎಲ್ ಗಣತಿಯಲ್ಲಿ ಆದಾಯವನ್ನು ಬದಿಗಿಟ್ಟು 13 ಪ್ರಶ್ನೆಗಳನ್ನು ಕೇಳಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು, ಒಟ್ಟು 52ಕ್ಕೆ ಬಡತನವನ್ನು ಅಳೆದರು. ಆ ಅಂಕಗಳ ಕುರಿತು ಎಷ್ಟು ತಕರಾರುಗಳೆದ್ದವೆಂದರೆ, ಪದ್ಧತಿಯನ್ನೇ ಬದಲಿಸಲು ಕೇಂದ್ರವು ಎನ್.ಸಿ. ಸಕ್ಸೇನಾ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಬೇಕಾಯಿತು. ಆ ಸಮಿತಿ 2009ರಲ್ಲಿ ವರದಿ ಕೊಟ್ಟಿತು. ನಂತರ ಬಂದ 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಒಂದು ವಿವೇಕವಿತ್ತು ಎಂದು ನಾನು ಈಗಲೂ ನಂಬಿದ್ದೇನೆ. ಸೂರಿಲ್ಲದವರು, ಭಿಕ್ಷೆಯಿಂದ ಬದುಕುವವರು, ಮಲ ಹೊರುವ ಕೆಲಸದಲ್ಲಿದ್ದವರು, ಜೀತದಿಂದ ಬಿಡುಗಡೆಯಾದವರು, ಅತಿ ಹಿಂದುಳಿದ ಆದಿವಾಸಿ ಸಮುದಾಯಗಳವರು ಯಾವ ಅಂಕವೂ ಇಲ್ಲದೆ ನೇರವಾಗಿ ಸೇರಬೇಕು ಎಂದು ಅದು ಹೇಳಿತು. ದುಡಿಯುವ ವಯಸ್ಸಿನ ಗಂಡಸಿಲ್ಲದ, ಹೆಣ್ಣೇ ನಡೆಸುವ ಮನೆ, ಕಚ್ಚಾ ಗೋಡೆಯ ಒಂದೇ ಕೋಣೆಯ ಮನೆ, ಭೂಮಿಯಿಲ್ಲದೆ ಕೂಲಿಯನ್ನೇ ನಂಬಿದ ಮನೆ: ಇವೆಲ್ಲ ನೆರೆಹೊರೆಯವರ ಕಣ್ಣಿಗೆ ಕಾಣುವ, ಸುಳ್ಳು ಹೇಳಲು ಕಷ್ಟವಾದ ಗುರುತುಗಳು.

ಆದರೆ ಸೇರಿಸುವ ಗುರುತುಗಳಿಗಿಂತ ಹೊರಗಿಡುವ ಗುರುತುಗಳೇ ಹೆಚ್ಚು ಬಲವಾಗಿ ಕೆಲಸ ಮಾಡಿದವು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ದ್ವಿಚಕ್ರ ವಾಹನ, ಫ್ರಿಜ್ ಅಥವಾ ಸ್ಥಿರ ದೂರವಾಣಿ ಇದ್ದ ಕುಟುಂಬಕ್ಕೆ ಮನೆಯಿಲ್ಲ ಎಂಬ ನಿಯಮವಿತ್ತು. ಸೊಪ್ಪು ಮಾರಲು, ಹಾಲು ಹಾಕಲು, ದೂರದ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗಲು ಕಂತಿನಲ್ಲಿ ಕೊಂಡ ಹಳೆಯ ಮೊಪೆಡ್ ಒಂದು, ಸೋರುವ ಸೂರಿನ ಸಾಕ್ಷ್ಯವನ್ನೇ ಸುಳ್ಳಾಗಿಸುತ್ತಿತ್ತು. ಆ ಮೂರು ಷರತ್ತುಗಳನ್ನು ಕೈಬಿಟ್ಟು, ತಿಂಗಳ ಆದಾಯದ ಮಿತಿಯನ್ನು 10,000ದಿಂದ 15,000 ರೂಪಾಯಿಗೆ ಏರಿಸಿದ್ದು 2024ರಲ್ಲಿ. ನಡುವಿನ ಎಂಟು ವರ್ಷಗಳಲ್ಲಿ ಆ ಕಾರಣಕ್ಕೆ ಮನೆ ಕಳೆದುಕೊಂಡವರ ಅರ್ಜಿಗಳನ್ನು ಮತ್ತೆ ತೆರೆದು ನೋಡಬೇಕಿತ್ತು. ಕಾರಣವನ್ನೇ ಬರೆದಿಡದಿದ್ದರೆ ಯಾವ ಅರ್ಜಿಯನ್ನು ತೆರೆಯುವುದು?

ಪಹಣಿಯ ಕಥೆಯೂ ಬೇರೆಯಲ್ಲ. ತಾತನ ಹೆಸರಿನಲ್ಲಿಯೇ ಉಳಿದ ಎಂಟು ಎಕರೆ ಖುಷ್ಕಿ ಜಮೀನು ಬಾಯಿಮಾತಿನಲ್ಲಿ ನಾಲ್ಕು ಪಾಲಾಗಿ, ಪಾಲಿನೊಳಗೆ ಮತ್ತೆ ಪಾಲಾಗಿರುತ್ತದೆ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆ ಆಗಿರುವುದಿಲ್ಲ. ಜಂಟಿಯಾಗಿ ಹೆಸರು ಸೇರಿದ್ದರೂ ಕಂಪ್ಯೂಟರಿನ ಪರದೆಯಲ್ಲಿ ಪ್ರತಿಯೊಬ್ಬನೂ ಎಂಟು ಎಕರೆಯ ಒಡೆಯನಂತೆ ಕಾಣುವ ಅಪಾಯವಿದೆ. ಗಂಡ ತೀರಿಕೊಂಡು ತವರಿಗೆ ಬಂದ ಮಗಳು ಅಣ್ಣನ ಪಡಿತರ ಚೀಟಿಯಲ್ಲಿದ್ದರೆ, ಅಣ್ಣನ ಜಮೀನೇ ಅವಳ ಅನುಕೂಲವೆಂದು ದಾಖಲಾಗುತ್ತದೆ. ಅವಳು ಬೇರೆ ಒಲೆ ಹಚ್ಚುತ್ತಾಳೆ ಎಂಬುದು ಬೀದಿಗೆ ಗೊತ್ತು, ದತ್ತಾಂಶಕ್ಕೆ ಗೊತ್ತಿಲ್ಲ.

ದತ್ತಾಂಶವನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದನ್ನು 2024ರ ನವೆಂಬರ್‌ನಲ್ಲಿ ಇಡೀ ರಾಜ್ಯ ನೋಡಿತು. ಅನರ್ಹರೆಂದು ಗುರುತಿಸಿದ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ಬದಲಾಯಿಸುವ, ರದ್ದು ಮಾಡುವ ಕಾರ್ಯಾಚರಣೆ ನಡೆದು, ಅಕ್ಕಿಗೆಂದು ನ್ಯಾಯಬೆಲೆ ಅಂಗಡಿಗೆ ಹೋದವರಿಗೆ ಅಲ್ಲಿಯೇ ತಮ್ಮ ಕಾರ್ಡಿನ ಗತಿ ತಿಳಿಯಿತು. ಜನರ ಆಕ್ರೋಶದ ನಂತರ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸುವುದಾಗಿ ಸರ್ಕಾರವೇ ಹೇಳಬೇಕಾಯಿತು. ಹಿಂದೆ ಸರಿದದ್ದು ಸರಿಯೇ. ಆದರೆ ಕಾರ್ಡು ಕೀಳುವ ಮೊದಲು ಒಂದು ನೋಟಿಸ್, ಉತ್ತರಿಸಲು ಒಂದಿಷ್ಟು ಸಮಯ, ಊರಿನೆದುರು ಒಂದು ವಿಚಾರಣೆ ಇದ್ದಿದ್ದರೆ ಆ ಕುಟುಂಬಗಳು ಅಲೆಯಬೇಕಾಗಿರಲಿಲ್ಲ.

ಇಂಥ ವಿಚಾರಣೆಗೆ ಕಾನೂನಿನಲ್ಲಿ ಜಾಗವಿಲ್ಲವೇ ಎಂದರೆ, ಧಾರಾಳವಾಗಿ ಇದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವು ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮ ಸಭೆ ಎಂಬ ಮೆಟ್ಟಿಲುಗಳನ್ನು ಕೊಟ್ಟಿದೆ. ಫಲಾನುಭವಿಗಳನ್ನು ಗುರುತಿಸಿ ಆದ್ಯತೆಯ ಕ್ರಮದಲ್ಲಿ ಪಟ್ಟಿ ಮಾಡುವ ಕೆಲಸ ಈ ಸಭೆಗಳದ್ದೇ. ನಡೆಯುವುದು ಬೇರೆ. ಸದಸ್ಯರು ತಮ್ಮ ಪಾಲಿಗೆ ಬಂದ ಮನೆಗಳನ್ನು ಮೊದಲೇ ಹಂಚಿಕೊಂಡಿರುತ್ತಾರೆ, ನಡಾವಳಿ ಪುಸ್ತಕಕ್ಕೆ ಸಹಿ ಆಮೇಲೆ ಬೀಳುತ್ತದೆ. ಸಭೆ ನಡೆದರೂ ಅದು ಮೇಲಿನ ಕೇರಿಯ ದೇವಸ್ಥಾನದ ಕಟ್ಟೆಯ ಮೇಲೆ, ಕೂಲಿಯವರು ಕೆಲಸಕ್ಕೆ ಹೋದ ಹೊತ್ತಿನಲ್ಲಿ. ಯಾರ ಹೊಲದಲ್ಲಿ ನಾಳೆ ದುಡಿಯಬೇಕೋ ಅವರೆದುರಿಗೇ ನಿಂತು ‘ಅವರ ತಮ್ಮನಿಗೆ ಯಾಕೆ, ನನಗೆ ಯಾಕಿಲ್ಲ’ ಎಂದು ಕೇಳುವ ಧೈರ್ಯವನ್ನು ನಾವು ದಲಿತ ಕೇರಿಯ ಒಂಟಿ ಹೆಣ್ಣುಮಗಳಿಂದ ನಿರೀಕ್ಷಿಸುತ್ತಿದ್ದೇವೆ. ಆದ್ದರಿಂದಲೇ ಕೇರಿಯಲ್ಲಿಯೇ ಸಂಜೆ ನಡೆಯಬಹುದಾದ ಜನವಸತಿ ಸಭೆಗೆ ನಾನು ಹೆಚ್ಚು ಮಹತ್ವ ಕೊಡುತ್ತೇನೆ.

ಪಂಚಾಯಿತಿ ಸದಸ್ಯರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮನೆಯಿಲ್ಲದವರು ನೂರಿದ್ದು, ಮಂಜೂರಾದ ಮನೆಗಳು ಹತ್ತೇ ಇದ್ದಾಗ ಎಷ್ಟೇ ಪ್ರಾಮಾಣಿಕ ಸದಸ್ಯೆಯಾದರೂ ತೊಂಬತ್ತು ಮನೆಗಳ ಮುನಿಸನ್ನು ಹೊರಬೇಕು. ಗುರಿಯನ್ನು ಮೇಲಿನಿಂದ ನಿಗದಿ ಮಾಡಿ, ಸಿಟ್ಟನ್ನು ಕೆಳಗಿನವರಿಗೆ ಬಿಡುವ ಈ ಏರ್ಪಾಟು ಸ್ಥಳೀಯ ಸರ್ಕಾರಕ್ಕೆ ಕೊಟ್ಟ ಅಧಿಕಾರವಲ್ಲ. ಪಡಿತರದಲ್ಲಿಯೂ ಹೀಗೆಯೇ ಆಗಿದೆ. 2013ರ ಆಹಾರ ಭದ್ರತಾ ಕಾಯ್ದೆಯು ಗ್ರಾಮೀಣ ಜನಸಂಖ್ಯೆಯ ಶೇ. 75, ನಗರದ ಶೇ. 50ರವರೆಗೆ ವ್ಯಾಪ್ತಿಯನ್ನು ಹೇಳಿದರೂ, ಆ ಲೆಕ್ಕ ಇಂದಿಗೂ 2011ರ ಜನಗಣತಿಯ ಮೇಲೆಯೇ ನಿಂತಿದೆ. ಆಮೇಲೆ ಹೆಚ್ಚಿದ ಜನರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ನೆರೆಯ ಕೇರಳವು 2021ರಲ್ಲಿ ಕಡುಬಡತನ ನಿರ್ಮೂಲನೆಯ ಕೆಲಸಕ್ಕೆ ಇಳಿದಾಗ ಸ್ಥಳೀಯ ಸಂಸ್ಥೆಗಳ ಮೂಲಕ ವಾರ್ಡುಗಳ ಮಟ್ಟದಲ್ಲಿ ಹುಡುಕಿ, 64,006 ಕುಟುಂಬಗಳನ್ನು ಗುರುತಿಸಿತು. ಆಹಾರ, ಆರೋಗ್ಯ, ಆದಾಯ, ವಸತಿ ಎಂಬ ನಾಲ್ಕು ಅಂಶಗಳನ್ನು ನೋಡಿ, ಪ್ರತಿ ಕುಟುಂಬಕ್ಕೂ ಬೇರೆಬೇರೆ ಯೋಜನೆ ಮಾಡಿತು. ರಾಜ್ಯವು ಕಡುಬಡತನದಿಂದ ಮುಕ್ತವಾಗಿದೆ ಎಂದು 2025ರ ನವೆಂಬರ್ 1ರಂದು ಅಲ್ಲಿಯ ಸರ್ಕಾರ ಮಾಡಿದ ಘೋಷಣೆಯನ್ನು ಅಲ್ಲಿಯ ಅರ್ಥಶಾಸ್ತ್ರಜ್ಞರೇ ಪ್ರಶ್ನಿಸಿದ್ದಾರೆ, ಆ ಚರ್ಚೆ ನಡೆಯಲಿ. ನನಗೆ ಮುಖ್ಯವಾಗಿ ಕಂಡದ್ದು, ಅರ್ಜಿ ಹಾಕಲೂ ತಿಳಿಯದವರನ್ನು ಹುಡುಕಿಕೊಂಡು ಹೋಗುವುದು ಪಂಚಾಯಿತಿಯ ಹೊಣೆ ಎಂದು ಅವರು ಒಪ್ಪಿಕೊಂಡದ್ದು. ನಮ್ಮಲ್ಲಿ ಆ ಹೊಣೆ ಇನ್ನೂ ಅರ್ಜಿದಾರನ ತಲೆಯ ಮೇಲಿದೆ.

ಸಕಾಲ ಎಂದು ನಾವು ಕರೆಯುವ 2011ರ ಕಾಯ್ದೆಯ ಪ್ರಕಾರ ಅರ್ಜಿ ತಿರಸ್ಕರಿಸಿದ ಅಧಿಕಾರಿ ಕಾರಣವನ್ನು ಬರೆದು ತಿಳಿಸಬೇಕು, ಮೇಲ್ಮನವಿಗೂ ಅವಕಾಶವಿದೆ. ಅದೇ ನಿಯಮವನ್ನು ಪಂಚಾಯಿತಿಯ ಎಲ್ಲ ಆಯ್ಕೆಗಳಿಗೂ ಅನ್ವಯಿಸಿ, ಅಭಿವೃದ್ಧಿ ಅಧಿಕಾರಿಯು ಗ್ರಾಮಸಭೆಯಲ್ಲಿ ಮೊದಲು ಕೈಬಿಟ್ಟವರ ಪಟ್ಟಿಯನ್ನು, ಆಮೇಲೆ ಆಯ್ಕೆಯಾದವರ ಪಟ್ಟಿಯನ್ನು ಓದುವಂತಾಗಬೇಕು. ಅನರ್ಹ ಎಂದು ತೋರಿಸುವ ಹೊಣೆ ಸರ್ಕಾರದ್ದಾಗಬೇಕು, ಆಕ್ಷೇಪಕ್ಕೆ ಹದಿನೈದು ದಿನವಾದರೂ ಇರಬೇಕು, ಅಲ್ಲಿಯವರೆಗೆ ಈಗಾಗಲೇ ಬರುತ್ತಿರುವ ಅಕ್ಕಿಯನ್ನೂ ಮಾಸಾಶನವನ್ನೂ ಯಾರೂ ನಿಲ್ಲಿಸಬಾರದು. ಇದನ್ನು ಓದುತ್ತಿರುವವರಲ್ಲಿ ಪಂಚಾಯಿತಿ ಸದಸ್ಯರಿದ್ದರೆ, ಇದಕ್ಕಾಗಿ ವಿಧಾನಸೌಧದ ಆದೇಶವನ್ನು ಕಾಯಬೇಕಾಗಿಲ್ಲ. ಮುಂದಿನ ವಾರ್ಡ್ ಸಭೆಯ ಪಟ್ಟಿಯಲ್ಲಿ ‘ಕೈಬಿಡಲು ಕಾರಣ’ ಎಂಬ ಒಂದು ಅಂಕಣವನ್ನು ನೀವೇ ಎಳೆಯಬಹುದು.