ಹಠ ಹಿಡಿದ ಎಣ್ಣೆ

ಮೊನ್ನೆ ಅಡುಗೆಮನೆಗೆ ಹೋಗಿ ನೋಡ್ತೇನೆ, ಒಲೆ ಪಕ್ಕ ಇರ್ತಿದ್ದ ತೆಂಗಿನೆಣ್ಣೆ ಬಾಟ್ಲಿ ನಾಪತ್ತೆ. ಅದರ ಜಾಗದಲ್ಲಿ ಹೊಸದೊಂದು ಕೂತಿದೆ, ಮೈಮೇಲೆ ಕೆಂಪು ಹಾರ್ಟು, ಕೆಳಗೆ ದಪ್ಪಕ್ಷರದಲ್ಲಿ 'ಕೊಲೆಸ್ಟ್ರಾಲ್ ಫ್ರೀ'. ಮಾರಾಯ್ರೆ, ಕೊಲೆಸ್ಟ್ರಾಲ್ ಇರೋದು ತುಪ್ಪ, ಮೊಟ್ಟೆ, ಮಾಂಸದಲ್ಲಿ. ಗಿಡಮರದಿಂದ ಬಂದ ಯಾವ ಎಣ್ಣೇಲೂ ಲೆಕ್ಕಕ್ಕೆ ಸಿಗೋವಷ್ಟಿಲ್ಲ, ಓಡಿಸಿದ ನನ್ನ ತೆಂಗಿನೆಣ್ಣೇಲೂ ಇರ್ಲಿಲ್ಲ. ಬಾಳೆಹಣ್ಣಿಗೆ 'ಮೀನಿನ ಮುಳ್ಳಿಲ್ಲ' ಅಂತ ಚೀಟಿ ಅಂಟಿಸಿ ಹತ್ತು ರೂಪಾಯಿ ಜಾಸ್ತಿ ತಗೊಂಡ ಹಾಗಾಯ್ತು.

ಇದಕ್ಕೆಲ್ಲ ಕಾರಣ ನನ್ನ ಬ್ಲಡ್ ರಿಪೋರ್ಟು. ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, 148, ಇರಬೇಕಾದ್ದಕ್ಕಿಂತ ಜಾಸ್ತಿ.

ಆದ್ರೆ ಈ ಜಗಳದ ಬೇರು ಇರೋದು ಹೋದ ಡಿಸೆಂಬರಲ್ಲಿ. ಪುತ್ತೂರಿಂದ ದೊಡ್ಡಮ್ಮ ಐದು ಲೀಟರ್ ಕ್ಯಾನಲ್ಲಿ ಮನೆ ಕೊಬ್ಬರಿಯ ಎಣ್ಣೆ ತುಂಬಿಸಿ ರಾತ್ರಿ ಬಸ್ಸಿಗೆ ಹಾಕಿದ್ರು. ಊರಲ್ಲಿ ನೀರಿನ ಹಾಗಿದ್ದ ಎಣ್ಣೆ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬರೋವಾಗ ಕಲ್ಲು. 24 ಡಿಗ್ರಿಗಿಂತ ಕೆಳಗೆ ಹೋದ್ರೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತೆ, ಅದು ನಂಗೂ ಗೊತ್ತು, ಆದ್ರೆ ಕ್ಯಾನಿನ ಬಾಯಿ ಎರಡು ಬೆರಳಷ್ಟೇ ಅಗಲ ಅನ್ನೋದು ದೊಡ್ಡಮ್ಮಂಗೆ ಗೊತ್ತಾಗ್ಬೇಕಿತ್ತಲ್ಲ. ಬಿಸಿನೀರಿನ ಬಕೆಟ್ಟಲ್ಲಿ ಇಟ್ಟೆ, ಅಂಚಿಂದು ಕರಗಿತು, ಬಗ್ಗಿಸಿದ್ರೆ ನಡುವಿನ ಗಡ್ಡೆ ಜಾರಿ ಬಂದು ಬಾಯಿಗೇ ಬಿರಡೆ ಹಾಕ್ಕೊಂಡು ನಿಂತಿತು. ಬಿಸಿಲಿಗಿಡೋಣ ಅಂದ್ರೆ ಬಿಸಿಲೇ ಇಲ್ಲ. ಸೌಟಿನ ಹಿಡಿ ತೂರಿಸಿದೆ, ಅದು ಒಳಗೇ ಉಳೀತು. ಕೊನೆಗೆ ಕತ್ತಿ ತಂದು ಕ್ಯಾನಿನ ಕುತ್ತಿಗೆ ಕೊಯ್ಯೋಕೆ ಕೂತೆ, ಇಡೀ ಕಾರಿಡಾರ್ ಒಗ್ಗರಣೆ ಘಮ, ನೆಲ ಎಲ್ಲ ಜಾರ್ತಿದೆ, ಹೆಂಡ್ತಿ ಮಾತು ಬಿಟ್ಟಿದಾಳೆ.

ಆಗ ಬಂದ್ರು ಎದುರು ಮನೆಯ ಗದಗದವರು. ಕೈಕಟ್ಟಿ ಸ್ವಲ್ಪ ಹೊತ್ತು ನೋಡಿ, "ನಮ್ ಕುಸುಬಿ ಎಣ್ಣಿ ಎಂದೂ ಹಿಂಗ ಹಠಾ ಮಾಡಂಗಿಲ್ಲ ನೋಡ್ರಿ" ಅಂದ್ರು. ಸರಿ, ಅಷ್ಟಕ್ಕೇ ಹೋಗ್ಬಹುದಿತ್ತು. ಹೋಗ್ಲಿಲ್ಲ. "ನಿಮ್ ನರದಾಗೂ ಇದು ಹಿಂಗ ಕಟ್ಕೊಂಡು ಕುಂದರತೈತ್ರಿ."

ನಂಗೆ ತಕ್ಷಣ ಉತ್ತರ ಹೊಳೀಲಿಲ್ಲ. ಹೊಳೆದದ್ದು ಎರಡು ದಿನ ಬಿಟ್ಟು, ಹಲ್ಲುಜ್ಜುವಾಗ. ಸ್ವಾಮಿ, ಮೈಯೊಳಗೆ 37 ಡಿಗ್ರಿ, ಅಲ್ಲಿ ತೆಂಗಿನೆಣ್ಣೆ ಎಲ್ಲಿ ಹೆಪ್ಪುಗಟ್ಟುತ್ತೆ? ಅಲ್ಲಿ ನಡೆಯೋದೇ ಬೇರೆ, ಸ್ಯಾಚುರೇಟೆಡ್ ಕೊಬ್ಬು, ಅಂದ್ರೆ ತಣ್ಣಗಾದ್ರೆ ಬೇಗ ಗಟ್ಟಿಯಾಗೋ ಜಾತಿಯ ಕೊಬ್ಬು, ಜಾಸ್ತಿ ಆದ್ರೆ ರಕ್ತದಲ್ಲಿರೋ ಎಲ್‌ಡಿಎಲ್ ಎಳ್ಕೊಳ್ಳೋ ಕೆಲಸಕ್ಕೆ ಲಿವರ್ ಸೋಮಾರಿತನ ಮಾಡುತ್ತೆ, ಹಾಗಾಗಿ ಅದು ಅಲ್ಲೇ ಸುತ್ತುತ್ತಾ ಉಳಿಯುತ್ತೆ. ತೆಂಗಿನೆಣ್ಣೇಲಿ ನೂರಕ್ಕೆ ಎಂಬತ್ತರ ಮೇಲೆ ಸ್ಯಾಚುರೇಟೆಡ್ಡೇ, ಕುಸುಬೇಲಿ ಹತ್ತರ ಒಳಗೆ... ಇಲ್ಲಿಗೆ ಬರೋ ಹೊತ್ತಿಗೆ ಬ್ರಷ್ ನಿಂತಿತು. ವಾದ ಗೆದ್ದದ್ದು ನಾನೇ, ಆದ್ರೆ ಗದಗದ ಪರವಾಗಿ. ಹೋಗಿ ಹೇಳ್ಲಿಲ್ಲ.

ತೆಂಗಿನೆಣ್ಣೆಯಿಂದ ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ಲೂ ಏರುತ್ತೆ ಅಂತ ಡಾಕ್ಟ್ರ ಹತ್ರ ವಕಾಲತ್ತು ಮಾಡಿ ನೋಡಿದೆ. ಅವರು ಕನ್ನಡಕದ ಮೇಲಿಂದ ನೋಡಿ, ಎಲ್‌ಡಿಎಲ್ ಏರಿದ್ದು ಅದಕ್ಕೆ ವಜಾ ಆಗಲ್ಲ, ಅದಿರ್ಲಿ, ಸಂಜೆ ಏನು ತಿಂತೀರಿ ಅಂದ್ರು. ಬೇಕರಿಯ ಖಾರಾಸೇವೆ ಅಂದೆ. ಅದನ್ನ ಕರಿಯೋದು ಪಾಮೋಲಿನ್‌ನಲ್ಲಿ, ಅಂದ್ರೆ ತಾಳೆ ಎಣ್ಣೇಲಿ, ಅದೂ ನೂರಕ್ಕೆ ನಲವತ್ತು ಸ್ಯಾಚುರೇಟೆಡ್ಡು ಅಂತ ಅವರೇ ಹೇಳಿದ್ದು. ಈ ಭಾಗವನ್ನ ನಾನು ಮನೆಯಲ್ಲಿ ವರದಿ ಮಾಡಿಲ್ಲ.

ನಿನ್ನೆ ಗದಗದವರ ಮನೆಯಾಕೆ ಬಟ್ಲು ಹಿಡ್ಕೊಂಡು ಬಂದಿದ್ರು. "ತಲಿಗೆ ಹಚ್ಚಾಕ ಒಂಚೂರು ಕೊಬ್ರಿ ಎಣ್ಣಿ ಇದ್ರ ಕೊಡ್ರಿ, ಊರಿಂದು ಭಾರೀ ಚಲೋ ಇರತೈತಂತ." ಅಟ್ಟದ ಮೇಲಿಂದ ಕುತ್ತಿಗೆಯಿಲ್ಲದ ಕ್ಯಾನ್ ಇಳಿಸಿದೆ. ಮತ್ತೆ ಕಲ್ಲಾಗಿತ್ತು. ಚಮಚದಲ್ಲಿ ಕೆರೆದು ಕೊಟ್ಟೆ, ಬಟ್ಲಿನ ಅರ್ಧಕ್ಕೇ.