ಐದು ಶಿಲ್ಲಿಂಗಿನ ಪಂಕ್ತಿ

ಮದುವೆಮನೆಯಲ್ಲಿ ನಾವಿನ್ನೂ ಸಾರನ್ನ ಕಲಸುತ್ತಿರುವಾಗಲೇ ಮುಂದಿನ ಪಂಕ್ತಿಯವರು ಬಂದು ಬೆನ್ನ ಹಿಂದೆ ಕುರ್ಚಿ ಹಿಡಿದು ನಿಲ್ಲುತ್ತಾರಲ್ಲ, ಆ ಮುಜುಗರ ನಿಮಗೂ ಗೊತ್ತಿರಬೇಕು. ಹಾಗೆ ನಿಂತು ನೋಡುವುದಕ್ಕೆ ಟಿಕೆಟ್ ಇಡಬಹುದು ಅನ್ನುವುದು ನಮ್ಮ ಛತ್ರದವರಿಗೆ ಇನ್ನೂ ಹೊಳೆದಿಲ್ಲ. ಐರ್ಲೆಂಡಿನ ಡಬ್ಲಿನ್ ನಗರದ ದೊಡ್ಡ ಮನುಷ್ಯರಿಗೆ 1847ರಲ್ಲೇ ಹೊಳೆದಿತ್ತು.

ಐರ್ಲೆಂಡಿನ ಬಡವರ ಊಟವೇ ಆಗಿದ್ದ ಆಲೂಗಡ್ಡೆ 1845ರಲ್ಲಿ ರೋಗ ಹತ್ತಿ ಹೊಲದಲ್ಲೇ ಕೊಳೆಯಿತು, ಮರುವರ್ಷ ಇನ್ನೂ ಜೋರಾಗಿ. ಓಟ್ಸು, ಬೆಣ್ಣೆ, ದನಗಳು ಮಾತ್ರ ಸುಖವಾಗಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ವ್ಯಾಪಾರವನ್ನು ಮುಟ್ಟಬಾರದು ಎಂಬುದು ಐರ್ಲೆಂಡನ್ನು ಆಳುತ್ತಿದ್ದ ಬ್ರಿಟಿಷ್ ಸರ್ಕಾರದ ಮಡಿ. ಹಡಗು ನಿಲ್ಲಿಸುವಂತಿಲ್ಲ, ಸರಿ, ಅಡುಗೆಭಟ್ಟರನ್ನು ಕರೆಸಿದರು. ಬಂದವರು ಅಲೆಕ್ಸಿಸ್ ಸೋಯರ್, ಲಂಡನ್ನಿನ ಸಿರಿವಂತರ ರಿಫಾರ್ಮ್ ಕ್ಲಬ್ಬಿನ ಮುಖ್ಯ ಬಾಣಸಿಗ.

ಹಸಿದವರಿಗೆಂದು ಅವರು ಮಾಡಿದ ಸೂಪಿನ ಒಂದು ಪಾಕ ಕೇಳಿ. ಎರಡು ಗ್ಯಾಲನ್ ನೀರಿಗೆ ಕಾಲು ಪೌಂಡ್ ದನದ ಮಾಂಸ. ಅಂದರೆ ಒಂಬತ್ತು ಲೀಟರಿಗೆ 113 ಗ್ರಾಂ. ಜೊತೆಗೆ ಒಂದಿಷ್ಟು ಹಿಟ್ಟು, ಬಾರ್ಲಿ, ಈರುಳ್ಳಿ, ಉಪ್ಪು. ಕೊನೆಗೆ ಚೂರು ಸಕ್ಕರೆ, ಬಾಯಿ ಸಿಹಿ ಮಾಡಿಸಬೇಕಲ್ಲ! ಜನ ಹೆಚ್ಚಾದಾಗ ಸಾರಿಗೆ ಚೆಂಬು ನೀರು ಸುರಿಯುವ ನಮ್ಮ ಭಟ್ಟರು ಇವರ ಮುಂದೆ ಕರ್ಣರು. ದಿನಕ್ಕೊಮ್ಮೆ ಇದನ್ನು ಹೊಟ್ಟೆತುಂಬ ಕುಡಿದು ಒಂದು ಬಿಸ್ಕತ್ತು ತಿಂದರೆ ಗಟ್ಟಿಮುಟ್ಟಾದ ಆಳಿಗೂ ಸಾಕು ಎಂದರು ಸೋಯರ್. ಸಾಲದು ಎಂದಿತು ವೈದ್ಯರ ಪತ್ರಿಕೆ ಲ್ಯಾನ್ಸೆಟ್. ಪಾಪ, ಡಾಕ್ಟರುಗಳಿಗೆ ಅಡುಗೆ ಏನು ಗೊತ್ತು?

1847ರ ಏಪ್ರಿಲ್ 5ರಂದು ಡಬ್ಲಿನ್ನಿನಲ್ಲಿ, ಸಿಪಾಯಿಗಳ ವಸತಿಯಾದ ರಾಯಲ್ ಬ್ಯಾರಕ್ಸ್ ಎದುರಿನ ಬಯಲಲ್ಲಿ ಸೋಯರ್ ಸೂಪಿನ ಗಂಜಿಕೇಂದ್ರದ ಉದ್ಘಾಟನೆ. ನಡುವೆ 300 ಗ್ಯಾಲನ್ನಿನ ಹಂಡೆ. ಗಂಟೆ ಬಾರಿಸಿದರೆ ನೂರು ಜನ ಒಳಗೆ. ಉದ್ದನೆಯ ಮೇಜು, ಬೋಗುಣಿ, ಅದಕ್ಕೊಂದು ಚಮಚ. ಚಮಚಕ್ಕೆ ಸರಪಳಿ. ಬಂದರಿಗೆ ಹೋಗುವ ಧಾನ್ಯದ ಗಾಡಿಗೆ ಸಿಪಾಯಿಗಳ ಕಾವಲಿರುವಾಗ ಚಮಚವನ್ನು ಹಾಗೇ ಬಿಡಲಾದೀತೆ? ಆರು ನಿಮಿಷ, ಮತ್ತೆ ಗಂಟೆ, ಏಳಿ. ಹಸಿದವರು ಕುಡಿಯುವ ಈ ಚಂದವನ್ನು ನೋಡಲು ರೇಷ್ಮೆ ಲಂಗದ ದೊರೆಸಾನಿಯರೂ ಮಹನೀಯರೂ ತಲೆಗೆ ಐದು ಶಿಲ್ಲಿಂಗ್ ತೆತ್ತರು. ಬರಗಾಲದ ಕಾಮಗಾರಿಯಲ್ಲಿ ಕಲ್ಲೊಡೆಯುವವನಿಗೆ ವಾರವಿಡೀ ದುಡಿದರೂ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ.

ತಮಾಷೆಯೆಂದರೆ, ನೀರೋ ಗಂಜಿಯೋ, ಜೀವ ಉಳಿಸಿದ್ದು ಇದೇ ಯೋಜನೆ. ಜುಲೈ ಹೊತ್ತಿಗೆ ದೇಶದಾದ್ಯಂತ ಸರ್ಕಾರಿ ಹಂಡೆಗಳಲ್ಲಿ ದಿನಕ್ಕೆ 30 ಲಕ್ಷ ಜನ ಉಣ್ಣುತ್ತಿದ್ದರು. ಕೆಲಸ ಮಾಡುತ್ತಿದೆ ಎಂದು ಗೊತ್ತಾದ ಮೇಲೆ ಸುಮ್ಮನಿರಲಾದೀತೆ? ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಮುಚ್ಚಿದರು. ಪರಿಹಾರದ ಹಗ್ಗ ಹಿಡಿದಿದ್ದ ಖಜಾನೆಯ ಚಾರ್ಲ್ಸ್ ಟ್ರೆವೆಲಿಯನ್ನರ ಪ್ರಕಾರ ಬರ ಮುಗಿದಿತ್ತು. ಜನ ಮುಂದೆಯೂ ವರ್ಷಗಟ್ಟಲೆ ಸಾಯುತ್ತಲೇ ಇದ್ದದ್ದು ಬೇರೆ ಮಾತು. 1848ರಲ್ಲಿ ಅವರಿಗೆ ‘ಸರ್’ ಪದವಿ ಸಿಕ್ಕಿತು.

ಅದೇ ಟ್ರೆವೆಲಿಯನ್ 1859ರಲ್ಲಿ ಮದ್ರಾಸಿಗೆ ಗವರ್ನರಾಗಿ ಬಂದರು, ನಮ್ಮ ಬಳ್ಳಾರಿ, ಮಂಗಳೂರುಗಳಿಗೂ ಅವರೇ ದೊರೆ. ಇಲ್ಲಿ ಏನನ್ನಿಸಿತೋ, ಜನರ ಮೇಲೆ ಹೊಸ ತೆರಿಗೆ ಬೇಡ ಎಂದು ಬಹಿರಂಗವಾಗಿಯೇ ಹೇಳಿಬಿಟ್ಟರು. ಅಂಥ ಅಪರಾಧವನ್ನು ಯಾವ ಸರ್ಕಾರ ಸಹಿಸೀತು? 1860ರಲ್ಲಿ ವಾಪಸ್ ಕರೆಸಿಕೊಂಡರು.